‘ಕೃಪೆ: ವಾಟ್ಸಾಪ್’ಗೂ ಮುಂಚಿನ ಒಂದು ಬ್ರೌಸರ್

ಫ್ಲಾಕ್ ಅಂತ ಒಂದು ಬ್ರೌಸರ್ ಇತ್ತು. 2005ರ ಅಕ್ಟೋಬರ್‌ನಲ್ಲಿ ಅದರ ಕಚ್ಚಾ ರೂಪ ಹೊರಬಂತು. 2007ರ ನವೆಂಬರ್‌ನಲ್ಲಿ 1.0 ಬಂತು. 2011ರ ಏಪ್ರಿಲ್ 26ಕ್ಕೆ ಕತೆ ಮುಗಿಯಿತು. ಈಗ ಅದರ ಹೆಸರು ಹೇಳಿದರೆ ಹೆಚ್ಚಿನವರು "ಯಾವುದದು?" ಅನ್ನುತ್ತಾರೆ. ಎಲ್ಲೋ ಒಬ್ಬರು ಸಿಗುತ್ತಾರೆ, ಅವರು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿಯೇ ಮಾತಾಡುತ್ತಾರೆ. ನಾನು ಆ ಜಾಸ್ತಿ ಮಾತಾಡುವವರ ಪೈಕಿ.

ಫೈರ್‌ಫಾಕ್ಸ್‌ನ ಮೂಲ ಕೋಡನ್ನು ಯಾರು ಬೇಕಾದರೂ ಬಳಸಬಹುದು. ಅದರ ಮೇಲೆ ತಮ್ಮದನ್ನು ಕಟ್ಟಿದವರು ಕ್ಯಾಲಿಫೋರ್ನಿಯಾದ ಬಾರ್ಟ್ ಡಿಕ್ರೆಮ್ ಮತ್ತು ಜೆಫ್ರಿ ಅರೋನ್. ಡಿಕ್ರೆಮ್ ಅದಕ್ಕೂ ಮುಂಚೆ ಮೊಜಿಲ್ಲಾದಲ್ಲಿ ಫೈರ್‌ಫಾಕ್ಸ್ 1.0 ಬಿಡುಗಡೆಗೆ ದುಡಿದವರು. ಅವರ ಲೆಕ್ಕಾಚಾರ ಸರಳ. ಜನ ಬ್ರೌಸರ್ ತೆರೆಯುವುದು ಬರೀ ಓದುವುದಕ್ಕಲ್ಲ. ಫೋಟೋ ಏರಿಸುತ್ತಾರೆ, ಬ್ಲಾಗ್ ಬರೆಯುತ್ತಾರೆ, ಗೆಳೆಯರು ಏನು ಮಾಡುತ್ತಿದ್ದಾರೆ ಅಂತ ಇಣುಕುತ್ತಾರೆ. ಇದಕ್ಕೆಲ್ಲ ಒಂದೊಂದು ಸೈಟಿಗೆ ಅಲೆಯುವ ಬದಲು ಎಲ್ಲವನ್ನೂ ಬ್ರೌಸರಿನಲ್ಲೇ ಇಟ್ಟರೆ ಆಯಿತಲ್ಲ?

ಇಟ್ಟರು. ಧಾರಾಳವಾಗಿಯೇ ಇಟ್ಟರು. ಮೇಲ್ಗಡೆ ಮೀಡಿಯಾ ಬಾರ್. ಅದರಲ್ಲಿ ಫ್ಲಿಕರ್‌ನ ಫೋಟೋಗಳು, ಯೂಟ್ಯೂಬಿನ ವಿಡಿಯೋಗಳು ಸಾಲಾಗಿ ಸರಿಯುತ್ತಿದ್ದವು. ಪಕ್ಕದಲ್ಲಿ ಪೀಪಲ್ ಸೈಡ್‌ಬಾರ್. ಫೇಸ್‌ಬುಕ್, ಟ್ವಿಟರ್, ಫ್ಲಿಕರ್ ಹೀಗೆ ಎಲ್ಲೆಲ್ಲಿ ಖಾತೆ ಇದೆಯೋ ಅಲ್ಲಿನ ಗೆಳೆಯರೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಿದ್ದರು. ಒಂದು ಫೋಟೋವನ್ನು ಎಳೆದು ಗೆಳೆಯನ ಮುಖದ ಮೇಲೆ ಬಿಟ್ಟರೆ ಅವನಿಗೆ ಹೋಗುತ್ತಿತ್ತು. ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಫೀಡ್ ರೀಡರ್ ಒಳಗೇ ಇತ್ತು. ಬುಕ್‌ಮಾರ್ಕುಗಳನ್ನು ಕೂಡಿಡುವ ಡೆಲಿಷಿಯಸ್ ತಾಣಕ್ಕೆ ಅವನ್ನು ತಾನೇ ಕಳಿಸುತ್ತಿತ್ತು. ಫೋಟೋ ಏರಿಸುವ ಕಿಟಕಿ ಬೇರೆ. ಇವೆಲ್ಲ ನಮ್ಮ ಒಂದು ಜಿಬಿ ರ್‍ಯಾಮಿನ ಕಂಪ್ಯೂಟರುಗಳಲ್ಲಿ ಓಡಬೇಕಿತ್ತು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ.

2008ರ ಹೊತ್ತಿಗೆ ನಮ್ಮ ಗೆಳೆಯರು ಇದ್ದದ್ದು ಫೇಸ್‌ಬುಕ್‌ನಲ್ಲಲ್ಲ, ಆರ್ಕುಟ್‌ನಲ್ಲಿ. ಭಾರತದಲ್ಲೂ ಬ್ರೆಜಿಲ್‌ನಲ್ಲೂ ಆಗ ಆರ್ಕುಟ್‌ನದ್ದೇ ರಾಜ್ಯಭಾರ. ಸ್ಕ್ರಾಪ್ ಬರೆಯುವುದು, ಟೆಸ್ಟಿಮೋನಿಯಲ್ ಕೇಳಿ ಕೇಳಿ ಬರೆಸಿಕೊಳ್ಳುವುದು, ಊರಿನ ಹೆಸರಿನ ಕಮ್ಯುನಿಟಿ ಸೇರುವುದು, ಎಲ್ಲ ಅಲ್ಲೇ. ಹಾಗಾಗಿ ಫ್ಲಾಕ್‌ನ ಪೀಪಲ್ ಸೈಡ್‌ಬಾರ್ ನನ್ನ ಪಾಲಿಗೆ ಹೆಚ್ಚುಕಮ್ಮಿ ಖಾಲಿ. ಅಮೆರಿಕದ ವಿಮರ್ಶಕರು ಹಾಡಿಹೊಗಳಿದ ಭಾಗ ನನಗೆ ಸುಮ್ನೆ ಜಾಗ ತಿನ್ನುವ ಪಟ್ಟಿ ಅನ್ನಿಸುತ್ತಿತ್ತು. ಅದನ್ನು ಮುಚ್ಚಿಟ್ಟೆ. ಉಳಿದದ್ದು ಎರಡು: ವೆಬ್ ಕ್ಲಿಪ್‌ಬೋರ್ಡ್ ಮತ್ತು ಬ್ಲಾಗ್ ಎಡಿಟರ್. ಬಹುಶಃ ಹೀಗೆ ಖಾಲಿ ಉಳಿದದ್ದರಿಂದಲೇ ಆ ಬ್ರೌಸರಿನ ನಿಜವಾದ ಗುಣ ಎಲ್ಲಿದೆ ಅಂತ ಕಾಣಿಸಿತು.

ಆ ಎರಡು ಹೇಗೆ ಕೆಲಸ ಮಾಡುತ್ತಿದ್ದವು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಹೇಳಹೊರಟಿರುವುದೆಲ್ಲ ಈ ವಿವರದಲ್ಲೇ ಇದೆ.

ಕೆಂಡಸಂಪಿಗೆ, ಸಂಪದದಂಥ ಕನ್ನಡ ತಾಣದಲ್ಲಿ ಒಂದು ಬರಹ ಓದುತ್ತಿದ್ದೀರಿ ಅಂತಿಟ್ಟುಕೊಳ್ಳಿ. ನಾಲ್ಕು ಸಾಲು ಹಿಡಿಸಿತು. ಅಥವಾ ಸಿಟ್ಟು ಬಂತು, ಎರಡೂ ಒಂದೇ. ಆ ಸಾಲುಗಳನ್ನು ಆಯ್ದು, ರೈಟ್ ಕ್ಲಿಕ್ ಮಾಡಿ, ಬ್ಲಾಗ್ ಮಾಡು ಅನ್ನುವುದನ್ನು ಒತ್ತಿದರೆ ಒಂದು ಪುಟ್ಟ ಕಿಟಕಿ ತೆರೆಯುತ್ತಿತ್ತು. ಅದರಲ್ಲಿ ನೀವು ಆಯ್ದ ಸಾಲುಗಳು ಉದ್ಧರಣೆಯ ರೂಪದಲ್ಲಿ, ಸ್ವಲ್ಪ ಒಳಕ್ಕೆ ಸರಿದು ಕೂತಿರುತ್ತಿದ್ದವು. ಜೊತೆಗೆ ಆ ಪುಟದ ಹೆಸರು, ಅದಕ್ಕೊಂದು ಲಿಂಕ್. ಇಷ್ಟನ್ನೂ ಬ್ರೌಸರೇ ಮಾಡಿಡುತ್ತಿತ್ತು. ನಿಮ್ಮ ಕೆಲಸ ಅದರ ಕೆಳಗೆ ಬರೆಯುವುದು. ಬರೆದು ಪಬ್ಲಿಷ್ ಒತ್ತಿದರೆ ಬ್ಲಾಗ್‌ಸ್ಪಾಟ್‌ಗೋ ವರ್ಡ್‌ಪ್ರೆಸ್‌ಗೋ ಹೋಗಿ ಕೂರುತ್ತಿತ್ತು. ಓದುತ್ತಿದ್ದ ಪುಟ ಹಿಂದೆ ಹಾಗೇ ಇರುತ್ತಿತ್ತು.

ಈಗ ಬೇಡ, ಆಮೇಲೆ ಬರೆಯೋಣ ಅನ್ನಿಸಿದರೆ ಆ ಸಾಲುಗಳನ್ನು ವೆಬ್ ಕ್ಲಿಪ್‌ಬೋರ್ಡಿಗೆ ಎಳೆದು ಬಿಡಬಹುದಿತ್ತು. ಮಾಮೂಲಿ ಕ್ಲಿಪ್‌ಬೋರ್ಡ್ ಒಂದನ್ನೇ ನೆನಪಿಟ್ಟುಕೊಳ್ಳುತ್ತದೆ, ಹೊಸದು ಬಂದರೆ ಹಳೆಯದು ಹೋಯಿತು. ಇದು ಹಾಗಲ್ಲ. ಒಂದು ವಾರ ಓದಿದ್ದರ ತುಣುಕುಗಳೆಲ್ಲ ಅಲ್ಲಿ ಬಿದ್ದಿರುತ್ತಿದ್ದವು, ಪ್ರತಿಯೊಂದೂ ತಾನು ಬಂದ ಪುಟದ ವಿಳಾಸದ ಸಮೇತ. ಭಾನುವಾರ ಕೂತು ನೋಡಿದರೆ ನಾಲ್ಕು ಬೇರೆ ಬೇರೆ ಬ್ಲಾಗಿನ ತುಣುಕುಗಳು ಒಂದೇ ವಿಷಯದ ಸುತ್ತ ಇರುವುದು ಕಾಣುತ್ತಿತ್ತು. ಅವನ್ನು ಎಡಿಟರಿಗೆ ಎಳೆದರೆ ಬರಹದ ಅರ್ಧ ಆಯಿತು.

ಇದರ ಹಿಂದೆ ಮಾಯೆ ಏನೂ ಇರಲಿಲ್ಲ. 2001ರಲ್ಲಿ ಬ್ಲಾಗರ್ ಅನ್ನುವ ಬ್ಲಾಗ್ ತಾಣದವರು ಹೊರಗಿನ ತಂತ್ರಾಂಶದಿಂದಲೂ ಬ್ಲಾಗಿಗೆ ಪೋಸ್ಟ್ ಕಳಿಸಲು ಒಂದು ದಾರಿ ಮಾಡಿಕೊಟ್ಟಿದ್ದರು. ಮರುವರ್ಷ ಡೇವ್ ವೈನರ್ ಅನ್ನುವ ತಂತ್ರಜ್ಞ ಅದನ್ನೇ ಇನ್ನಷ್ಟು ಬೆಳೆಸಿ ಮೆಟಾವೆಬ್‌ಲಾಗ್ ಅನ್ನುವ ಪದ್ಧತಿ ಕೊಟ್ಟರು. ವರ್ಡ್‌ಪ್ರೆಸ್, ಮೂವಬಲ್ ಟೈಪ್, ಟೈಪ್‌ಪ್ಯಾಡ್ ಎಲ್ಲವೂ ಈ ಭಾಷೆಯನ್ನೋ ಇದರ ದಾಯಾದಿಯನ್ನೋ ಅರ್ಥಮಾಡಿಕೊಳ್ಳುತ್ತಿದ್ದವು. ಶೀರ್ಷಿಕೆ ಇದು, ಬರಹ ಇದು, ಹೆಸರು ಮತ್ತು ಪಾಸ್‌ವರ್ಡ್ ಇದು ಅಂತ ಒಂದು ಸಣ್ಣ ಪೊಟ್ಟಣ ಕಟ್ಟಿ ಕಳಿಸಿದರೆ ಸಾಕು. ಯಾವ ಕಂಪನಿಯ ಅನುಮತಿಯೂ ಬೇಡ. ಫ್ಲಾಕ್ ಅಲ್ಲದೆ ಬೇರೆಯವರೂ ಇದನ್ನು ಬಳಸುತ್ತಿದ್ದರು. ಫೈರ್‌ಫಾಕ್ಸ್‌ಗೆ ಸ್ಕ್ರೈಬ್‌ಫೈರ್ ಅನ್ನುವ ಎಕ್ಸ್‌ಟೆನ್ಷನ್ ಇತ್ತು. ಮೈಕ್ರೋಸಾಫ್ಟ್‌ನ ಲೈವ್ ರೈಟರ್ ಇತ್ತು, ಎಡಿಟರ್ ಅಂತ ನೋಡಿದರೆ ಅದು ಫ್ಲಾಕ್‌ನದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆದರೆ ಲೈವ್ ರೈಟರ್ ಇದ್ದದ್ದು ಓದುವ ಜಾಗದಿಂದ ದೂರ. ಅದನ್ನು ತೆರೆದರೆ ಖಾಲಿ ಹಾಳೆ. ಫ್ಲಾಕ್‌ನಲ್ಲಿ ಬರಹ ಶುರುವಾಗುತ್ತಿದ್ದದ್ದೇ ಇನ್ನೊಬ್ಬರ ಮಾತಿನಿಂದ.

ಆ ದಿನಗಳಲ್ಲಿ ಕನ್ನಡದಲ್ಲಿ ಬ್ಲಾಗ್ ಬರೆಯುವುದು ಅಂದರೆ ಮೊದಲು ಕಂಪ್ಯೂಟರಿಗೆ ಕನ್ನಡ ಓದಲು ಕಲಿಸಬೇಕಿತ್ತು. ವಿಂಡೋಸ್ ಎಕ್ಸ್‌ಪಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ಟ್ಯಾಬಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಆಗ ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ. ಸಿಡಿ ಯಾರ ಹತ್ತಿರ ಇರುತ್ತಿತ್ತು ಹೇಳಿ? ಅದು ಸಿಕ್ಕ ಮೇಲೆ ಕನ್ನಡ ಟೈಪ್ ಮಾಡಲು ‘ಬರಹ’ ಅನ್ನುವ ತಂತ್ರಾಂಶ ಹಾಕಿಕೊಳ್ಳಬೇಕು. ಶೇಷಾದ್ರಿ ವಾಸು ಅವರು 1998ರಲ್ಲಿ ಕೊಟ್ಟ ಆ ತಂತ್ರಾಂಶ ಇಲ್ಲದಿದ್ದರೆ ಕನ್ನಡದ ಎಷ್ಟೋ ಬ್ಲಾಗುಗಳು ಹುಟ್ಟುತ್ತಲೇ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ಫೈರ್‌ಫಾಕ್ಸ್ 2ರಲ್ಲಿ ಒಂದು ತಕರಾರು ಉಳಿಯುತ್ತಿತ್ತು. ಪುಟದ ಸಾಲುಗಳನ್ನು ಎರಡೂ ಕಡೆ ಸಮ ಮಾಡಿ ಜೋಡಿಸಿದ್ದರೆ ಒತ್ತಕ್ಷರಗಳು ಚೂರುಚೂರಾಗಿ ಕಾಣುತ್ತಿದ್ದವು. ಕನ್ನಡವೊಂದೇ ಅಲ್ಲ, ಹಿಂದಿ, ತೆಲುಗು ಎಲ್ಲಕ್ಕೂ ಇದೇ ಗತಿ. ಮೊದಲ ಫ್ಲಾಕ್ ಕಟ್ಟಿದ್ದು ಅದೇ ಎಂಜಿನ್ ಮೇಲೆ. 2008ರಲ್ಲಿ ಫೈರ್‌ಫಾಕ್ಸ್ 3 ಬಂದು ಇದು ಸರಿಹೋಯಿತು, ಅದರ ಹಿಂದೆಯೇ ಫ್ಲಾಕ್ 2 ಬಂದಾಗ ಅಲ್ಲೂ ಸರಿಹೋಯಿತು. ಕನ್ನಡದಲ್ಲಿ ಬರೆಯುವವರಿಗೆ ಆ ವರ್ಷದ ದೊಡ್ಡ ಸುದ್ದಿ ಇದು. ಗೆಳೆಯರ ಸೈಡ್‌ಬಾರ್ ಅಲ್ಲ.

ಆಗಿನ ಕನ್ನಡ ಬ್ಲಾಗುಗಳಲ್ಲಿ ಒಂದು ಗುಣ ಇತ್ತು. ಒಬ್ಬರು ಒಂದು ಪೋಸ್ಟ್ ಬರೆದರೆ ಇನ್ನೊಬ್ಬರು ತಮ್ಮ ಬ್ಲಾಗಿನಲ್ಲಿ ಅದಕ್ಕೆ ಮಾತು ಸೇರಿಸುತ್ತಿದ್ದರು. "ಅವರು ಹೀಗೆ ಅಂದಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ" ಅಂತ ಶುರು. ಲಿಂಕ್ ಒತ್ತಿದರೆ ಅವರ ಮನೆಗೆ ಹೋಗಬಹುದು, ಅಲ್ಲಿಂದ ಅವರು ಯಾರಿಗೆ ಲಿಂಕ್ ಕೊಟ್ಟಿದ್ದಾರೋ ಅವರಲ್ಲಿಗೆ. ಇಡೀ ಮಧ್ಯಾಹ್ನ ಹೀಗೆ ಕಳೆದುಹೋಗುತ್ತಿತ್ತು. ಇದನ್ನು ಎಲ್ಲರೂ ಫ್ಲಾಕ್ ಬಳಸಿಯೇ ಮಾಡುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರು ಕೈಯಲ್ಲೇ ವಿಳಾಸ ಕಾಪಿ ಮಾಡಿ ಅಂಟಿಸುತ್ತಿದ್ದರು. ಆದರೆ ಕೈಯಲ್ಲಿ ಮಾಡುವ ಕೆಲಸವನ್ನು ಜನ ಒಂದಲ್ಲ ಒಂದು ದಿನ ಬಿಡುತ್ತಾರೆ. ಫ್ಲಾಕ್ ಅದನ್ನು ಬಿಡಲಾಗದ ಹಾಗೆ ಮಾಡಿತ್ತು. ಸಾಲು ಎತ್ತಿದರೆ ವಿಳಾಸ ತಾನಾಗಿ ಬರುತ್ತಿತ್ತು. ತೆಗೆಯಬೇಕೆಂದರೆ ನೀವೇ ಅಳಿಸಬೇಕು. ಅಳಿಸುವುದಕ್ಕೂ ಸ್ವಲ್ಪ ನಾಚಿಕೆ ಆಗುತ್ತದಲ್ವಾ?

ಈಗಿನ ಪದ್ಧತಿ ನಿಮಗೇ ಗೊತ್ತು. ಯಾರೋ ಒಬ್ಬರು ಚೆಂದವಾಗಿ ಅಮ್ಮನ ಬಗ್ಗೆ ಬರೆದಿರುತ್ತಾರೆ, ಅಥವಾ ಊರಿನ ಜಾತ್ರೆಯ ಬಗ್ಗೆ. ಅದು ಮೂರು ಗುಂಪು ದಾಟುವಷ್ಟರಲ್ಲಿ ಬರೆದವರ ಹೆಸರು ಉದುರಿರುತ್ತದೆ. ಐದನೇ ಗುಂಪಿಗೆ ಬರುವಾಗ ಕೊನೆಯಲ್ಲಿ "ಕೃಪೆ: ವಾಟ್ಸಾಪ್" ಅಂತ ಸೇರಿರುತ್ತದೆ. ಕೆಲವು ಸಲ ಯಾರಾದರೂ ಹಿರಿಯ ಸಾಹಿತಿಯ ಹೆಸರು ಅಂಟಿಕೊಂಡಿರುತ್ತದೆ, ಪಾಪ, ಅವರು ಅದನ್ನು ಬರೆದೇ ಇರುವುದಿಲ್ಲ. ಕಳಿಸುವವರು ಕಳ್ಳರೇನಲ್ಲ. ಹೆಚ್ಚಿನವರು ನಮ್ಮ ಚಿಕ್ಕಪ್ಪ, ಅತ್ತೆ, ನಿವೃತ್ತ ಮೇಷ್ಟ್ರು. ಅವರ ಕೈಗೆ ಕೊಟ್ಟ ಸಾಧನದಲ್ಲಿ ಪಠ್ಯ ಸಾಗುತ್ತದೆ, ವಿಳಾಸ ಸಾಗುವುದಿಲ್ಲ, ಅಷ್ಟೇ. ಸ್ಕ್ರೀನ್‌ಶಾಟ್ ಅಂತೂ ಇನ್ನೂ ಕಷ್ಟ. ಅದು ಅಕ್ಷರವನ್ನೇ ಚಿತ್ರ ಮಾಡಿಬಿಡುತ್ತದೆ, ಹುಡುಕಿದರೂ ಸಿಗುವುದಿಲ್ಲ.

ಓದುವ ಸಾಧನವೇ ಬರೆಯುವ ಸಾಧನವೂ ಆಗಿರಬೇಕು ಅನ್ನುವುದು ಫ್ಲಾಕ್‌ನವರ ಹೊಸ ಯೋಚನೆಯಲ್ಲ. ವೆಬ್ಬಿನ ಮೊಟ್ಟಮೊದಲ ಬ್ರೌಸರ್ ಹಾಗೇ ಇತ್ತು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್‌ಲೀ 1990ರ ಕೊನೆಯಲ್ಲಿ ಸರ್ನ್ ಅನ್ನುವ ಯುರೋಪಿನ ಸಂಶೋಧನಾ ಕೇಂದ್ರದಲ್ಲಿ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ಬರೆದ ತಂತ್ರಾಂಶದಲ್ಲಿ ಪುಟ ಓದಬಹುದಿತ್ತು, ಅಲ್ಲೇ ತಿದ್ದಬಹುದಿತ್ತು, ಹೊಸ ಲಿಂಕ್ ಹಾಕಬಹುದಿತ್ತು. ತೊಂದರೆ ಏನೆಂದರೆ ನೆಕ್ಸ್ಟ್ ಕಂಪ್ಯೂಟರ್ ಬಹಳ ಜನರ ಹತ್ತಿರ ಇರಲಿಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಓಡುವ ಒಂದು ಸರಳ ಬ್ರೌಸರ್ ಬೇಕಿತ್ತು. ಅಲ್ಲಿಗೆ ವಿದ್ಯಾರ್ಥಿನಿಯಾಗಿ ಬಂದಿದ್ದ ನಿಕೋಲಾ ಪೆಲ್ಲೊ ಲೈನ್ ಮೋಡ್ ಬ್ರೌಸರ್ ಬರೆದರು. ಅದು ಬರೀ ಅಕ್ಷರ ತೋರಿಸುತ್ತಿತ್ತು. ಎಲ್ಲ ಕಡೆ ಓಡುತ್ತಿತ್ತು, ಆದರೆ ಬರೆಯಲು ಬರುತ್ತಿರಲಿಲ್ಲ. ವೆಬ್ ಜಗತ್ತಿಗೆ ಹರಡಿದ್ದು ಅದರ ಮೂಲಕ. ಹೀಗೆ ಬರೆಯುವ ಅರ್ಧ ಮೊದಲ ವರ್ಷದಲ್ಲೇ ಕಳಚಿಕೊಂಡಿತು. ಯಾರೂ ಬೇಡ ಅಂತ ತೀರ್ಮಾನಿಸಿದ್ದಲ್ಲ.

1993ರಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಅಮೆರಿಕದ ಇಲಿನಾಯ್‌ನಲ್ಲಿ ಮೊಸಾಯಿಕ್ ಮಾಡಿದರು. ಚಿತ್ರಗಳನ್ನು ಪುಟದ ಒಳಗೇ ತೋರಿಸಿದ ಕಾರಣ ಅದು ಮನೆಮಾತಾಯಿತು. ಅದರಲ್ಲೂ ಒಂದು ಟಿಪ್ಪಣಿ ಹಾಕುವ ವ್ಯವಸ್ಥೆ ಇತ್ತು. ಯಾರದೋ ಪುಟಕ್ಕೆ ನಿಮ್ಮ ಮಾತು ಅಂಟಿಸಿಟ್ಟುಕೊಳ್ಳಬಹುದಿತ್ತು. ಗುಂಪಿನವರೆಲ್ಲ ಒಬ್ಬರ ಟಿಪ್ಪಣಿ ಒಬ್ಬರು ನೋಡುವ ಹಾಗೆ ಮಾಡಲೂ ಹೊರಟಿದ್ದರು. ಅಷ್ಟು ಟಿಪ್ಪಣಿಗಳನ್ನು ಇಟ್ಟುಕೊಳ್ಳುವ ಸರ್ವರ್ ಎಲ್ಲಿಂದ ತರುವುದು? ಬಿಟ್ಟುಬಿಟ್ಟರು. ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಆಮೇಲೆ ಕಂಪೋಸರ್ ಕೊಟ್ಟಿತು, ಅದರಲ್ಲಿ ಪುಟ ಮಾಡಬಹುದಿತ್ತು. ಆದರೆ ಮಾಡಿದ ಪುಟವನ್ನು ಎಲ್ಲಿಡುವುದು ಅಂತ ಜನರಿಗೆ ಗೊತ್ತಿರಲಿಲ್ಲ. ಬ್ಲಾಗ್‌ಗಳು ಬಂದು ಆ ಪ್ರಶ್ನೆ ಬಗೆಹರಿಸಿದವು. ಫ್ಲಾಕ್ ಹುಟ್ಟಿದ್ದು ಸರಿಯಾದ ಹೊತ್ತಿನಲ್ಲೇ ಅಂತ ನಾನು ಹೇಳುವುದು ಅದಕ್ಕೆ.

ಹಾಗಿದ್ದರೆ ಸತ್ತದ್ದೇಕೆ?

ಭಾರ ಅನ್ನುವುದು ಒಂದು ಕಾರಣ, ಅದನ್ನು ಎಲ್ಲರೂ ಹೇಳುತ್ತಾರೆ. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕ್ರೋಮ್ ಬಂತು. ಖಾಲಿ ಖಾಲಿ ಬ್ರೌಸರ್, ಆದರೆ ಚುರುಕು. ಜನಕ್ಕೆ ಅದು ಹಿಡಿಸಿತು. ನನಗೆ ಹೆಚ್ಚು ಮುಖ್ಯ ಅನ್ನಿಸುವ ಕಾರಣ ಬೇರೆ. ಫ್ಲಾಕ್ ಮಾಡಿದ್ದು ಬಾಡಿಗೆ ಮನೆಗೆ ಸ್ವಂತ ಖರ್ಚಿನಲ್ಲಿ ವಾರ್ಡ್‌ರೋಬ್ ಕೂರಿಸಿದ ಹಾಗೆ. ಫೇಸ್‌ಬುಕ್ ಪುಟದ ರಚನೆ ಬದಲಾದರೆ, ಟ್ವಿಟರ್ ತನ್ನ ನಿಯಮ ಬದಲಿಸಿದರೆ, ಫ್ಲಾಕ್‌ನವರು ಮತ್ತೆ ಬಡಗಿ ಕೆಲಸ ಮಾಡಬೇಕಿತ್ತು. 2010ರ ಆಗಸ್ಟ್ ಕೊನೆಯಲ್ಲಿ ಟ್ವಿಟರ್ ಹೊರಗಿನ ತಂತ್ರಾಂಶಗಳು ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವುದನ್ನು ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಅಂದಿನಿಂದ ಬಾಗಿಲು ತೆರೆಯುವವರು ಯಾರು ಅನ್ನುವುದು ಖಚಿತವಾಯಿತು. ಮುಂದಿನ ವರ್ಷಗಳಲ್ಲಿ ಒಂದೊಂದೇ ಸಾಮಾಜಿಕ ಜಾಲತಾಣ ಹೊರಗಿನವರಿಗೆ ಕೊಡುತ್ತಿದ್ದದ್ದನ್ನು ಕಡಿಮೆ ಮಾಡುತ್ತಾ ಬಂತು. 2013ರ ಜುಲೈನಲ್ಲಿ ಗೂಗಲ್‌ನ ಫೀಡ್ ರೀಡರ್ ಆದ ಗೂಗಲ್ ರೀಡರ್ ಕೂಡ ಹೋಯಿತು.

ಇಲ್ಲಿ ಫ್ಲಾಕ್‌ನವರು ಒಂದು ಆಯ್ಕೆ ಮಾಡಿದರು. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. 2010ರ ಜೂನ್‌ನಲ್ಲಿ ಬಂದ ಫ್ಲಾಕ್ 3ರಲ್ಲಿ ಫೈರ್‌ಫಾಕ್ಸ್ ಬಿಟ್ಟು, ಗೂಗಲ್ ಕ್ರೋಮ್‌ನ ಮುಕ್ತ ಮೂಲ ಕೋಡಾದ ಕ್ರೋಮಿಯಂ ಮೇಲೆ ಹೊಸದಾಗಿ ಕಟ್ಟಿದರು. ಅದು ಸರಿ. ಆದರೆ ಕಟ್ಟುವಾಗ ಇಟ್ಟುಕೊಂಡದ್ದು ಫೇಸ್‌ಬುಕ್, ಟ್ವಿಟರ್‌ನ ಸೈಡ್‌ಬಾರ್. ಬಿಟ್ಟದ್ದು ಬ್ಲಾಗ್ ಎಡಿಟರ್, ವೆಬ್ ಕ್ಲಿಪ್‌ಬೋರ್ಡ್. ಯಾವುದು ಬೇರೆಯವರ ಕೃಪೆಯಲ್ಲಿ ಬದುಕಬೇಕೋ ಅದನ್ನು ಉಳಿಸಿಕೊಂಡು, ಯಾರ ಹಂಗೂ ಇಲ್ಲದೆ ಓಡುತ್ತಿದ್ದದ್ದನ್ನು ಕೈಬಿಟ್ಟರು. ಹೊಸಬರನ್ನು ಸೆಳೆಯಲು ಸರಳ ಮಾಡಿದೆವು ಅಂದಿರಬಹುದು. 2011ರ ಜನವರಿಯಲ್ಲಿ ಅವರನ್ನು ಕೊಂಡದ್ದು ಝಿಂಗಾ. ಹೌದು, ಫಾರ್ಮ್‌ವಿಲ್ ಮಾಡಿದ ಅದೇ ಝಿಂಗಾ. ಫೇಸ್‌ಬುಕ್‌ನ ಒಳಗೆ ಹೊಲ ಉತ್ತು ಬದುಕುತ್ತಿದ್ದ ಕಂಪನಿ. ಅವರಿಗೆ ಬೇಕಿದ್ದದ್ದು ಎಂಜಿನಿಯರುಗಳು, ಬ್ರೌಸರ್ ಅಲ್ಲ. ಮೂರೇ ತಿಂಗಳಲ್ಲಿ ಬಾಗಿಲು ಹಾಕಿದರು.

ಅಷ್ಟರಲ್ಲಿ ರಾಕ್‌ಮೆಲ್ಟ್ ಬಂದಿತ್ತು. 2010ರ ನವೆಂಬರ್‌ನಲ್ಲಿ. ಎರಿಕ್ ವಿಶ್ರಿಯಾ ಮತ್ತು ಟಿಮ್ ಹೋವ್ಸ್ ಮಾಡಿದ್ದು. ಹಣ ಹಾಕಿದವರಲ್ಲಿ ಒಬ್ಬರು, ನೋಡಿ, ಮೊಸಾಯಿಕ್‌ನ ಅದೇ ಮಾರ್ಕ್ ಆಂಡ್ರೀಸನ್. 1993ರಲ್ಲಿ ಸರ್ವರ್ ಇಲ್ಲದೆ ಕೈಬಿಟ್ಟಿದ್ದ ಜನಸಂಪರ್ಕ ಈಗ ಫೇಸ್‌ಬುಕ್‌ನ ಸರ್ವರುಗಳಲ್ಲಿ ಸಿದ್ಧವಾಗಿ ಬಿದ್ದಿತ್ತು. ರಾಕ್‌ಮೆಲ್ಟ್‌ನಲ್ಲಿ ಎಡಗಡೆ ಗೆಳೆಯರ ಮುಖಗಳ ಸಾಲು, ಬಲಗಡೆ ನೆಚ್ಚಿನ ತಾಣಗಳ ಸಾಲು. ಶುರು ಮಾಡಬೇಕೆಂದರೆ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಬೇಕು. ಬ್ರೌಸರ್ ತೆರೆಯುವುದಕ್ಕೇ ಲಾಗಿನ್! ಪುಟದಲ್ಲಿ ಏನಾದರೂ ಹಿಡಿಸಿದರೆ ಒಂದು ಗುಂಡಿ ಒತ್ತಿ ಹಂಚಬಹುದಿತ್ತು. ಫ್ಲಾಕ್‌ನಲ್ಲಿ ಬರೆಯುವುದು ಇದ್ದ ಜಾಗಕ್ಕೆ ಹಂಚುವುದು ಬಂದು ಕೂತದ್ದು ಇಲ್ಲಿ. ನೋಡಲು ಚೆಂದವಾಗಿತ್ತು, ಅದನ್ನು ಅಲ್ಲಗಳೆಯಲಾರೆ. 2013ರ ಆಗಸ್ಟ್‌ನಲ್ಲಿ ಯಾಹೂ ಅದನ್ನು ಕೊಂಡು, ಅದೇ ತಿಂಗಳ ಕೊನೆಗೆ ಮುಚ್ಚಿತು.

ಬೆಂಗಳೂರಿಗೂ ಈ ಕತೆಯಲ್ಲಿ ಒಂದು ಪಾಲಿದೆ. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಅನ್ನುವ ಇಲ್ಲಿನ ಕಂಪನಿ ಎಪಿಕ್ ಅನ್ನುವ ಬ್ರೌಸರ್ ಹೊರತಂದಿತು. ಸ್ಥಾಪಕರು ಅಲೋಕ್ ಭಾರದ್ವಾಜ್. ಅದು ಕೂಡ ಫೈರ್‌ಫಾಕ್ಸ್ ಮೇಲೆ ಕಟ್ಟಿದ್ದು. ಭಾರತದ ಬ್ರೌಸರ್ ಅಂತ ಪೇಪರುಗಳಲ್ಲಿ ಸಾಕಷ್ಟು ಸದ್ದಾಯಿತು. ಅದರ ಸೈಡ್‌ಬಾರಿನಲ್ಲಿ ಫೇಸ್‌ಬುಕ್, ಟ್ವಿಟರ್ ಜೊತೆಗೆ ನಮ್ಮ ಆರ್ಕುಟ್ ಕೂಡ ಇತ್ತು. ಆಂಟಿವೈರಸ್ ಇತ್ತು. ಸಾವಿರಕ್ಕೂ ಹೆಚ್ಚು ಬಣ್ಣಬಣ್ಣದ ಥೀಮ್‌ಗಳಿದ್ದವು. ಇದ್ದಷ್ಟೂ ಗದ್ದಲ. ಆದರೆ ಅದರಲ್ಲಿ ಅಮೆರಿಕದವರಿಗೆ ಹೊಳೆಯದ ಒಂದು ವಿಷಯ ಇತ್ತು: ಬ್ರೌಸರಿನೊಳಗೇ ಭಾರತದ ಹನ್ನೆರಡು ಭಾಷೆಗಳಲ್ಲಿ ಟೈಪ್ ಮಾಡುವ ಸೌಕರ್ಯ, ಜೊತೆಗೆ ಬರೆದಿಡಲು ಒಂದು ಸಣ್ಣ ಬರವಣಿಗೆಯ ಪಟ್ಟಿ. ಯಾವುದೇ ಪುಟದ ಪಕ್ಕದಲ್ಲಿ ಕನ್ನಡ ಬರೆಯಬಹುದು, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಸೈಬರ್ ಕೆಫೆಯಲ್ಲಿ ಕೂತು ಬರೆಯುವವರಿಗೆ ಇದು ಎಷ್ಟು ದೊಡ್ಡದು ಅಂತ ಆಗ ಬರೆಯುತ್ತಿದ್ದವರಿಗೆ ಗೊತ್ತು. ಕೆಫೆಯ ಕಂಪ್ಯೂಟರಿಗೆ ನಮ್ಮ ಇಷ್ಟದ ಕೀಲಿಮಣೆ ಹಾಕಲು ಮಾಲೀಕ ಬಿಡುತ್ತಿರಲಿಲ್ಲ.

ಎಪಿಕ್ ಸಾಯಲಿಲ್ಲ, ಮನಸ್ಸು ಬದಲಿಸಿತು. 2013ರಲ್ಲಿ ಕ್ರೋಮಿಯಂ ಮೇಲೆ ಹೊಸದಾಗಿ ಕಟ್ಟಿ, ಖಾಸಗಿತನ ಕಾಪಾಡುವ ಬ್ರೌಸರ್ ಆಗಿ ಹೊರಬಂತು. ಜಾಲತಾಣಗಳನ್ನು ಒಳಗೆ ಕೂರಿಸಿಕೊಂಡಿದ್ದ ಅದೇ ಬ್ರೌಸರ್ ಮೂರು ವರ್ಷಕ್ಕೆ ಅವುಗಳ ಕಣ್ಣು ತಪ್ಪಿಸುವ ಕೆಲಸಕ್ಕೆ ನಿಂತಿತು. ಆ ಮೂರು ವರ್ಷಗಳಲ್ಲಿ ವೆಬ್ಬಿಗೆ ಏನಾಯಿತು ಅಂತ ಯಾರಾದರೂ ಕೇಳಿದರೆ ನಾನು ಇದೊಂದು ಉದಾಹರಣೆ ಕೊಡುತ್ತೇನೆ.

ಇನ್ನೂ ಒಂದೆರಡು ಪ್ರಯತ್ನಗಳಿವೆ. ಫೈರ್‌ಫಾಕ್ಸ್ 2012ರ ನವೆಂಬರ್‌ನಲ್ಲಿ ಫೇಸ್‌ಬುಕ್ ಮೆಸೆಂಜರನ್ನು ಸೈಡ್‌ಬಾರಿನಲ್ಲಿ ಕೂರಿಸಿ ನೋಡಿತು, ಯಾರೂ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ನಾರ್ವೆಯ ಒಪೆರಾದ್ದು ಮಾತ್ರ ಬೇರೆ ಮಾತು. 2009ರ ಜೂನ್‌ನಲ್ಲಿ ಅವರು ಒಪೆರಾ ಯುನೈಟ್ ಅಂತ ತಂದರು. ನಿಮ್ಮ ಬ್ರೌಸರೇ ಒಂದು ಪುಟ್ಟ ಸರ್ವರ್. ನಿಮ್ಮ ಫೋಟೋ, ಹಾಡು, ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ಗೆಳೆಯರು ಅಲ್ಲಿಗೇ ಬಂದು ನೋಡಿ ಹೋಗುತ್ತಾರೆ. ಫ್ರಿಜ್ ಅಂತ ಒಂದು ಸೌಕರ್ಯ ಇತ್ತು, ಅದರ ಬಾಗಿಲಿಗೆ ಗೆಳೆಯರು ಚೀಟಿ ಅಂಟಿಸಿ ಹೋಗಬಹುದು. ನಡುವೆ ಫೇಸ್‌ಬುಕ್ ಬೇಡ. ಷರತ್ತು ಏನೆಂದರೆ, ನಿಮ್ಮ ಕಂಪ್ಯೂಟರ್ ಸದಾ ಆನ್ ಇರಬೇಕು. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಕೂತವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಯೋಚನೆ ಮಾತ್ರ ಈ ಪಟ್ಟಿಯಲ್ಲೇ ಧೈರ್ಯದ್ದು. 2012ರಲ್ಲಿ ಅದನ್ನೂ ಕೈಬಿಟ್ಟರು. ಬ್ಲಾಗುಗಳಿದ್ದ ಮೈ ಒಪೆರಾ ತಾಣ 2014ರ ಮಾರ್ಚ್‌ನಲ್ಲಿ ಮುಚ್ಚಿತು.

ಆಮೇಲೆ ಆದದ್ದು ಪೂರ್ತಿ ತಿರುಗುಮುರುಗು. ಫ್ಲಾಕ್‌ನ ಕಾಲದಲ್ಲಿ ಬ್ರೌಸರಿನೊಳಗೆ ಸಾಮಾಜಿಕ ಜಾಲತಾಣ ಇರಬೇಕು ಅಂತ ಒದ್ದಾಡಿದರು. ಈಗ ಜಾಲತಾಣದ ಆ್ಯಪ್‌ನೊಳಗೇ ಬ್ರೌಸರ್ ಇದೆ. ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಂದು ಲಿಂಕ್ ಒತ್ತಿ ನೋಡಿ. ಪುಟ ತೆರೆಯುವುದು ಅವರದೇ ಕಿಟಕಿಯಲ್ಲಿ. ನಿಮ್ಮ ಬುಕ್‌ಮಾರ್ಕ್ ಅಲ್ಲಿಲ್ಲ, ನಿಮ್ಮ ಟ್ಯಾಬ್ ಇಲ್ಲ. ಹಿಂದಕ್ಕೆ ಒತ್ತಿದರೆ ಮತ್ತೆ ಅವರ ಅಂಗಳ. ಫೆಲಿಕ್ಸ್ ಕ್ರೌಸ್ ಅನ್ನುವ ತಂತ್ರಜ್ಞ 2022ರ ಆಗಸ್ಟ್‌ನಲ್ಲಿ ತೋರಿಸಿಕೊಟ್ಟರು, ಈ ಒಳಕಿಟಕಿಗಳು ತೆರೆದ ಪುಟದೊಳಗೆ ತಮ್ಮ ಜಾವಾಸ್ಕ್ರಿಪ್ಟ್ ಕೋಡನ್ನೂ ಸೇರಿಸುತ್ತವೆ ಅಂತ. ಅಲ್ಲಿ ಒಂದು ಸಾಲು ಹಿಡಿಸಿದರೆ ಏನು ಮಾಡುತ್ತೀರಿ? ಸ್ಕ್ರೀನ್‌ಶಾಟ್. ಕೈಗೆ ಸುಲಭವಾಗಿ ಸಿಗುವುದು ಅದೇ.

ಈಗ 2025ರಿಂದ ಮತ್ತೆ ಹೊಸ ಬ್ರೌಸರುಗಳ ಕಾಲ, ಈ ಸಲ ಎಐ ಕಂಪನಿಗಳದ್ದು. ಪರ್ಪ್ಲೆಕ್ಸಿಟಿಯ ಕಾಮೆಟ್ ಬಂತು, ಓಪನ್‌ಎಐನ ಅಟ್ಲಾಸ್ ಬಂತು. ಎರಡನ್ನೂ ತೆರೆದು ನೋಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಪಕ್ಕದ ಪಟ್ಟಿಗೆ. ಹದಿನೈದು ವರ್ಷದ ಹಿಂದೆ ಗೆಳೆಯರ ಮುಖ ಇದ್ದ ಜಾಗದಲ್ಲಿ ಈಗ ಯಂತ್ರದ ಜೊತೆ ಮಾತಾಡುವ ಡಬ್ಬಿ. ಪುಟ ಓದಿ ಸಾರಾಂಶ ಹೇಳುತ್ತದೆ. ಬರೆದುಕೊಡು ಅಂದರೆ ಬರೆದೂ ಕೊಡುತ್ತದೆ, ಕನ್ನಡದಲ್ಲಿ ಕೂಡ. ಓದುವ ಪುಟದ ಪಕ್ಕದಲ್ಲೇ ಬರೆಯುವ ಜಾಗ, ಫ್ಲಾಕ್ ಅಂದದ್ದೂ ಅದನ್ನೇ ಅಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ಹೌದು, ಜಾಗ ಅದೇ. ಆದರೆ ಅಲ್ಲಿ ಬರೆಯುತ್ತಿರುವವರು ಯಾರು? ಸಾರಾಂಶವನ್ನು ಎತ್ತಿ ನನ್ನ ಬ್ಲಾಗಿಗೆ ಅಂಟಿಸಿದರೆ ಅದರ ಮೂಲ ಲೇಖಕರ ಸಾಲು ಯಾವುದು, ಯಂತ್ರದ್ದು ಯಾವುದು, ನನ್ನದು ಯಾವುದು? ಫ್ಲಾಕ್‌ನ ಉದ್ಧರಣೆ ಒಳಕ್ಕೆ ಸರಿದು ಕೂರುತ್ತಿತ್ತು, ಅಲ್ಲಿಂದ ಇಲ್ಲಿಯವರೆಗೆ ಅವರದು, ಇಲ್ಲಿಂದ ನನ್ನದು ಅಂತ ಗೆರೆ ಎಳೆದ ಹಾಗೆ. ಇದರಲ್ಲಿ ಗೆರೆಯೇ ಕಾಣುವುದಿಲ್ಲ. ಅದಿಲ್ಲದಿದ್ದರೆ ಇಂಥ ಬ್ರೌಸರ್ ನನಗೆ ಬೇಡ ಅಂತ ಅವಳಿಗೆ ಹೇಳಿದೆ. ಅವಳು ನಾನು ಹಳೇ ಕಾಲದವನು ಅಂದಳು. ಇರಬಹುದು.

ಸದ್ಯ ನಾನು ಬಳಸುತ್ತಿರುವುದು ವಿವಾಲ್ಡಿ. ಒಪೆರಾ ಕಟ್ಟಿದವರಲ್ಲಿ ಒಬ್ಬರಾದ ಯೋನ್ ಫಾನ್ ಟೆಟ್ಸ್‌ನರ್ ಅದನ್ನು ಬಿಟ್ಟು ಬಂದ ಮೇಲೆ ಶುರು ಮಾಡಿದ್ದು. ಮೈ ಒಪೆರಾ ಮುಚ್ಚುತ್ತದೆ ಅಂದಾಗ ಅಲ್ಲಿನ ಬ್ಲಾಗಿಗರಿಗೆ ಅವರು ಮೊದಲು ಕಟ್ಟಿಕೊಟ್ಟದ್ದು ಒಂದು ತಾಣವನ್ನು, ಬ್ರೌಸರ್ ಬಂದದ್ದು ಆಮೇಲೆ. ಈ ಕ್ರಮ ನನಗೆ ಇಷ್ಟವಾಯಿತು. 2022ರ ಕೊನೆಯಲ್ಲಿ ಮಾಸ್ಟೊಡಾನ್ ಅನ್ನುವ ಟ್ವಿಟರ್‌ನಂಥ ಜಾಲತಾಣಕ್ಕೆ ತಮ್ಮದೇ ಸರ್ವರನ್ನೂ ನಡೆಸತೊಡಗಿದರು, ಅದನ್ನು ಬ್ರೌಸರಿನ ಪಕ್ಕದ ಪಟ್ಟಿಗೂ ಸೇರಿಸಿದರು. ಮಾಸ್ಟೊಡಾನ್ ಒಬ್ಬ ಒಡೆಯನ ಸೊತ್ತಲ್ಲ. ಒಂದು ಸರ್ವರ್ ಹಿಡಿಸದಿದ್ದರೆ ಹಿಂಬಾಲಿಸುವವರನ್ನು ಕರೆದುಕೊಂಡು ಇನ್ನೊಂದಕ್ಕೆ ಹೋಗಬಹುದು. ಕನ್ನಡದವರು ಅಲ್ಲಿ ಕಡಿಮೆ. ನನ್ನ ಪೀಪಲ್ ಸೈಡ್‌ಬಾರ್ 2008ರಲ್ಲಿ ಖಾಲಿ ಇದ್ದ ಹಾಗೆ ಇದೂ ಹೆಚ್ಚುಕಮ್ಮಿ ಖಾಲಿ.

ನನಗೆ ಅದರಲ್ಲಿ ಬೇಕಾದದ್ದು ನೋಟ್ಸ್ ಪಟ್ಟಿ. ಸಾಲು ಆಯ್ದು ರೈಟ್ ಕ್ಲಿಕ್ ಮಾಡಿ ನೋಟ್‌ಗೆ ಹಾಕಿದರೆ ಪುಟದ ವಿಳಾಸವೂ ಜೊತೆಗೆ ಬಂದು ಕೂರುತ್ತದೆ. ಫ್ಲಾಕ್‌ನ ಅರ್ಧ ಸಿಕ್ಕಿತು. ಇನ್ನರ್ಧ, ಅಲ್ಲಿಂದಲೇ ಬ್ಲಾಗಿಗೆ ಕಳಿಸುವುದು, ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ಆ ಹಳೆಯ ಮೆಟಾವೆಬ್‌ಲಾಗ್ ಬಾಗಿಲು ಇವತ್ತಿಗೂ ಇದೆ, ಎಕ್ಸ್‌ಎಂಎಲ್‌ಆರ್‌ಪಿಸಿ ಅನ್ನುವ ಫೈಲಿನ ರೂಪದಲ್ಲಿ. ಪಾಸ್‌ವರ್ಡ್ ಊಹಿಸುವ ದಾಳಿಗಳು ಅದರ ಮೂಲಕವೇ ಬರುತ್ತವೆ ಅಂತ ತಾಣಗಳಿಗೆ ಸರ್ವರಿನಲ್ಲಿ ಜಾಗ ಕೊಡುವ ಬಹಳ ಹೋಸ್ಟಿಂಗ್‌ನವರು ಅದಕ್ಕೆ ಬೀಗ ಹಾಕಿದ್ದಾರೆ. ನಮ್ಮ ಹೋಸ್ಟಿಂಗ್‌ನವರೂ ಹಾಕಿದ್ದರು. ತೆಗೆಯಿರಿ ಅಂತ ಬರೆದೆ. "ಸರ್, ಈಗ ಅದನ್ನು ಯಾರೂ ಬಳಸುವುದಿಲ್ಲ" ಅಂತ ಉತ್ತರ ಬಂತು. ನಾನು ಬಳಸುತ್ತೇನೆ ಅಂತ ಮತ್ತೆ ಬರೆದಿದ್ದೇನೆ. ಅವರ ಉತ್ತರ ಬರುವವರೆಗೆ ನೋಟ್ಸ್‌ನಿಂದ ಕಾಪಿ,ಪೇಸ್ಟ್ ನಡೆದಿದೆ, ಈ ಬರಹ ಕೂಡ ಹಾಗೇ ಏರಿದ್ದು.